ಹಾಡು ಕಟ್ಟಿದವರದೋ, ಕೊಂಡವರದೋ?

ಅಮೆರಿಕದ 'ಬೀಚ್ ಬಾಯ್ಸ್' ಗಾಯನ ತಂಡದ ಬ್ರಯಾನ್ ವಿಲ್ಸನ್ 2025ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ 82 ವರ್ಷ. ಅವರನ್ನು ನೆನೆದವರೆಲ್ಲ 'ಪೆಟ್ ಸೌಂಡ್ಸ್' ಎಂಬ ಎಲ್.ಪಿ.ಯನ್ನೂ ನೆನೆದರು. 'ರೋಲಿಂಗ್ ಸ್ಟೋನ್' ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ 2003ರಲ್ಲೂ 2020ರಲ್ಲೂ ಎರಡನೇ ಸ್ಥಾನ ಗಳಿಸಿದ ಕೃತಿ ಅದು. ಆದರೆ 1966ರ ಮೇ ತಿಂಗಳಲ್ಲಿ ಅದು ಅಂಗಡಿಗೆ ಬಂದಾಗ, ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದ ಅಮೆರಿಕದ ಗಿರಾಕಿಗಳೇ ಕೈ ಹಿಂದೆಳೆದರು.

ಬೀಚ್ ಬಾಯ್ಸ್ ದಾರಿ ತಪ್ಪಿದರೆ, ಇಲ್ಲವೆ ಕೇಳುಗರೇ ಹಿಂದೆ ಬಿದ್ದರೆ? ಆ ವರ್ಷ ಎದ್ದ ಈ ಪ್ರಶ್ನೆಯನ್ನು ಹಿಡಿದು ಅಭಿಮಾನಿಗಳು ಆರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಎರಡೂ ಪಕ್ಷಗಳು ತೋರಿಸುವ ಸಾಕ್ಷಿ ಒಂದೇ, ಮಾರಾಟದ ಪಟ್ಟಿ. ಆ ಪಟ್ಟಿ ನಿಜಕ್ಕೂ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡಿದರೆ ಜಗಳದ ಬೇರು ಸಿಗುತ್ತದೆ.

ಕಡಲು, ಕಾರು, ಕಾಲೇಜು

ತಂಡ ಹುಟ್ಟಿದ್ದು 1961ರಲ್ಲಿ, ಲಾಸ್ ಏಂಜಲಿಸ್ ಬಳಿಯ ಹಾಥಾರ್ನ್ ಎಂಬ ಊರಿನಲ್ಲಿ. ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ವಿಲ್ಸನ್ ಸೋದರರು, ಅವರ ಸಂಬಂಧಿ ಮೈಕ್ ಲವ್, ಗೆಳೆಯ ಆಲ್ ಜಾರ್ಡೀನ್ ಇವರೇ ಐವರು. ಹಲಗೆಯ ಮೇಲೆ ನಿಂತು ಕಡಲ ಅಲೆಗಳ ಮೇಲೆ ಜಾರುವ ಸರ್ಫಿಂಗ್ ಆಟದ ಹುಚ್ಚು ಕ್ಯಾಲಿಫೋರ್ನಿಯದ ಹುಡುಗರಿಗೆ ಹತ್ತಿದ್ದ ಕಾಲವದು. ಅದನ್ನೇ ಹಾಡಾಗಿಸಿ ಎಂದು ಸೂಚಿಸಿದವರು ಡೆನಿಸ್. ಐವರಲ್ಲಿ ನಿಜವಾಗಿ ಅಲೆಗಳಿಗಿಳಿಯುತ್ತಿದ್ದವರೂ ಅವರೊಬ್ಬರೇ.

1962ರ ಅಕ್ಟೋಬರಿನಿಂದ 1965ರ ನವೆಂಬರಿನೊಳಗೆ ಕ್ಯಾಪಿಟಲ್ ಕಂಪನಿ ಈ ತಂಡದ 11 ಎಲ್.ಪಿ.ಗಳನ್ನು ಹೊರತಂದಿತು. ಕಡಲತೀರ, ವೇಗದ ಕಾರು, ಕಾಲೇಜಿನ ಹುಡುಗಿಯರು, ಮುಗಿಯದ ರಜೆ ಇವು ಹಾಡಿನ ವಸ್ತು. ಪಟ್ಟೆ ಪಟ್ಟೆಯ ಅಂಗಿ ತಂಡದ ಸಮವಸ್ತ್ರ. ಹಲವು ಕಂಠಗಳು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡಿ ಒಂದಾಗುವ ಬಗೆಯಲ್ಲಿ ಇವರಿಗೆ ಸರಿಸಾಟಿಯಾದವರು ಕಡಿಮೆ. 1964ರಲ್ಲಿ 'ಐ ಗೆಟ್ ಅರೌಂಡ್', 1965ರಲ್ಲಿ 'ಹೆಲ್ಪ್ ಮಿ, ರೋಂಡಾ' ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಬೀಟಲ್ಸ್ ಅಲೆ ಅಮೆರಿಕಕ್ಕೆ ಅಪ್ಪಳಿಸಿದಾಗ ಕೊಚ್ಚಿಹೋಗದೆ ನಿಂತ ಕೆಲವೇ ತಂಡಗಳಲ್ಲಿ ಇದೂ ಒಂದು.

ಸ್ಟುಡಿಯೊ ಸೇರಿದ ಅಣ್ಣ

ಹಾಡುಗಳಿಗೆ ಸ್ವರ ಕೂಡಿಸುತ್ತಿದ್ದವರು ಹಿರಿಯಣ್ಣ ಬ್ರಯಾನ್. ಅವರಿಗೆ ಒಂದು ಕಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. 1964ರ ಡಿಸೆಂಬರಿನಲ್ಲಿ ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಅವರು ತೀವ್ರ ಆತಂಕಕ್ಕೆ ಒಳಗಾಗಿ ಕುಸಿದರು. ಆ ಬಳಿಕ ಊರೂರು ಸುತ್ತುವುದನ್ನು ಬಿಟ್ಟು ಸ್ಟುಡಿಯೊದಲ್ಲೇ ಉಳಿದರು. ವೇದಿಕೆಯಲ್ಲಿ ಅವರ ಜಾಗಕ್ಕೆ 1965ರಲ್ಲಿ ಬ್ರೂಸ್ ಜಾನ್‌ಸ್ಟನ್ ಬಂದರು. ಅಲ್ಲಿಂದ ತಂಡಕ್ಕೆ ಎರಡು ಬದುಕು. ಒಂದು, ಸಭಿಕರ ಮುಂದೆ ಹಳೆಯ ಹಾಡು ಹಾಡುವ ತಂಡದ್ದು; ಇನ್ನೊಂದು, ಮನಸ್ಸಿನೊಳಗೆ ಕೇಳಿಸುವ ನಾದವನ್ನು ಹುಡುಕುತ್ತ ಕುಳಿತ ಒಬ್ಬನದು.

ಬೀಟಲ್ಸ್‌ರ 'ರಬ್ಬರ್ ಸೋಲ್' ಕೇಳಿದ ಬ್ರಯಾನ್‌ಗೆ, ಒಂದೆರಡು ಜನಪ್ರಿಯ ಹಾಡುಗಳ ಜೊತೆ ಸಾಧಾರಣ ಹಾಡುಗಳನ್ನು ತುಂಬಿಸುವ ಬದಲು ಇಡೀ ಎಲ್.ಪಿ.ಯನ್ನೇ ಒಂದು ಕೃತಿಯಾಗಿ ಕಟ್ಟಬೇಕೆನ್ನಿಸಿತು. ಮಾತು ಬರೆಯಲು ಜಾಹೀರಾತು ಸಂಸ್ಥೆಯೊಂದರಲ್ಲಿದ್ದ ಟೋನಿ ಆಶರ್ ಜೊತೆಯಾದರು. ಉಳಿದವರು ಜಪಾನ್ ಪ್ರವಾಸದಲ್ಲಿದ್ದಾಗ ಬ್ರಯಾನ್ ಲಾಸ್ ಏಂಜಲಿಸ್‌ನ ನುರಿತ ವಾದ್ಯಗಾರರನ್ನು ಕೂರಿಸಿಕೊಂಡು ಹಿನ್ನೆಲೆ ಸಂಗೀತದ ಮುದ್ರಣ ನಡೆಸಿದರು. ಸೈಕಲ್ ಗಂಟೆ, ಖಾಲಿ ಡಬ್ಬ, ರೈಲಿನ ಸದ್ದು, ಸ್ವಂತ ನಾಯಿಗಳ ಬೊಗಳು ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಹಾಡಿನ ವಸ್ತುವೂ ಬದಲಾಗಿತ್ತು. ಬೆಳೆದು ದೊಡ್ಡವರಾಗುವ ಅಳುಕು, ಕಳೆದುಹೋದ ಪ್ರೀತಿ, ಈ ಕಾಲಕ್ಕೆ ತಾನು ಸಲ್ಲದವನೆಂಬ ಒಂಟಿತನ. ಕಡಲೂ ಇರಲಿಲ್ಲ, ಕಾರೂ ಇರಲಿಲ್ಲ.

ಹತ್ತನೇ ಸ್ಥಾನದ ಅರ್ಥ

'ಪೆಟ್ ಸೌಂಡ್ಸ್' ಅಮೆರಿಕದ 'ಬಿಲ್‌ಬೋರ್ಡ್' ಪಟ್ಟಿಯಲ್ಲಿ 10ನೇ ಸ್ಥಾನದವರೆಗೆ ಏರಿತು. ಬೇರೆ ತಂಡಕ್ಕೆ ಇದು ಹಬ್ಬದ ಸಂಗತಿ. ಆದರೆ 1965ರಲ್ಲಿ ಬಂದ ಇದೇ ತಂಡದ ಮೂರು ಎಲ್.ಪಿ.ಗಳು ಕ್ರಮವಾಗಿ 4, 2 ಮತ್ತು 6ನೇ ಸ್ಥಾನ ಕಂಡಿದ್ದವು. ಆ ಲೆಕ್ಕದಲ್ಲಿ ಇದು ಇಳಿತ. ಅಷ್ಟರಲ್ಲಿ ಕ್ಯಾಪಿಟಲ್ ಕಂಪನಿ ಇನ್ನೊಂದು ಕೆಲಸ ಮಾಡಿತು. 'ಪೆಟ್ ಸೌಂಡ್ಸ್' ಬಂದು ಎರಡು ತಿಂಗಳು ತುಂಬುವ ಮೊದಲೇ, ಜುಲೈನಲ್ಲಿ, ಹಳೆಯ ಹಾಡುಗಳ 'ಬೆಸ್ಟ್ ಆಫ್ ದ ಬೀಚ್ ಬಾಯ್ಸ್' ಸಂಕಲನವನ್ನು ಅಂಗಡಿಗೆ ಇಳಿಸಿತು. ಅದು 8ನೇ ಸ್ಥಾನಕ್ಕೇರಿತು. ಒಂದೇ ತಂಡದ ಹೊಸ ಸರಕು ಮತ್ತು ಹಳೆಯ ಸರಕು ಅಕ್ಕಪಕ್ಕ ನಿಂತು ಪೈಪೋಟಿ ನಡೆಸಿದವು.

ಬ್ರಿಟನ್ನಿನ ಚಿತ್ರ ಬೇರೆ. ಬ್ರೂಸ್ ಜಾನ್‌ಸ್ಟನ್ ಮೇ ತಿಂಗಳಲ್ಲೇ ರೆಕಾರ್ಡನ್ನು ಲಂಡನ್ನಿಗೆ ಒಯ್ದು ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರಿಗೂ ಕೇಳಿಸಿದರು. ಅಲ್ಲಿ ಎಲ್.ಪಿ. 2ನೇ ಸ್ಥಾನ ಗಳಿಸಿತು. ಅಮೆರಿಕದಲ್ಲಿ 39ನೇ ಸ್ಥಾನದಲ್ಲೇ ನಿಂತ 'ಗಾಡ್ ಓನ್ಲಿ ನೋಸ್' ಹಾಡು ಬ್ರಿಟನ್ನಿನಲ್ಲಿ 2ನೆಯದಾಯಿತು. ಹಾಡು ಅದೇ, ತಂಡ ಅದೇ. ಬದಲಾದದ್ದು ಕೇಳುಗರ ನಿರೀಕ್ಷೆ ಮತ್ತು ಪ್ರಚಾರದ ರೀತಿ.

ಇನ್ನೊಂದು ಮಾತನ್ನೂ ನೆನಪಿಡಬೇಕು. 1991ರಲ್ಲಿ ಕಂಪ್ಯೂಟರಿನ ಎಣಿಕೆ ಬರುವವರೆಗೂ 'ಬಿಲ್‌ಬೋರ್ಡ್' ಪಟ್ಟಿ ನಿಂತಿದ್ದುದು ಅಂಗಡಿಗಳವರು ಕೊಡುತ್ತಿದ್ದ ವರದಿಯ ಮೇಲೆ. ಅದು ಆ ವಾರ ಯಾರ ಮುಂದೆ ಯಾರು ಎಂಬುದರ ಅಂದಾಜು, ಮಾರಿದ ಪ್ರತಿಗಳ ಲೆಕ್ಕವಲ್ಲ. ಬೇಗ ಬಿಕರಿಯಾಗಿ ಮರೆಯಾದದ್ದಕ್ಕೂ, ನಿಧಾನವಾಗಿ ದಶಕಗಟ್ಟಲೆ ಮಾರಾಟವಾದದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ತೋರಿಸದು. ಹತ್ತು ಲಕ್ಷ ಪ್ರತಿಗಳ ಮಾರಾಟವನ್ನು ಸೂಚಿಸುವ ಪ್ಲಾಟಿನಂ ಮುದ್ರೆ 'ಪೆಟ್ ಸೌಂಡ್ಸ್'ಗೆ ಸಿಕ್ಕಿದ್ದು 2000ದಲ್ಲಿ, ಬಿಡುಗಡೆಯಾದ 34 ವರ್ಷಗಳ ನಂತರ.

ನಗು ಮಾಸಿದ ಬಗೆ

ಬ್ರಯಾನ್ ಸುಮ್ಮನಾಗಲಿಲ್ಲ. ತುಣುಕು ತುಣುಕಾಗಿ ಹಲವು ಸ್ಟುಡಿಯೊಗಳಲ್ಲಿ ಮುದ್ರಿಸಿ, ಟೇಪು ಕತ್ತರಿಸಿ ಅಂಟಿಸಿ, ತಿಂಗಳುಗಟ್ಟಲೆ ದುಡಿದು 'ಗುಡ್ ವೈಬ್ರೇಷನ್ಸ್' ಎಂಬ ಒಂದೇ ಹಾಡನ್ನು ಕಟ್ಟಿದರು. 1966ರ ಅಕ್ಟೋಬರಿನಲ್ಲಿ ಬಂದ ಅದು ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಆ ವರ್ಷದ ಕೊನೆಗೆ ಬ್ರಿಟನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ವಾರಪತ್ರಿಕೆಯ ಓದುಗರು ಜಗತ್ತಿನ ಅಗ್ರ ಗಾಯನ ತಂಡವೆಂದು ಬೀಟಲ್ಸ್ ಬದಲು ಬೀಚ್ ಬಾಯ್ಸ್‌ಗೆ ಮತ ಹಾಕಿದರು. ಹೊಸತನ ಮಾರಾಟವಾಗದು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರವಿರಲಿಲ್ಲ.

ಅದೇ ವಿಧಾನದಲ್ಲಿ ಇಡೀ ಎಲ್.ಪಿ.ಯನ್ನು ಕಟ್ಟುವುದೇ 'ಸ್ಮೈಲ್' ಯೋಜನೆ. ಮಾತು ಬರೆದವರು ವ್ಯಾನ್ ಡೈಕ್ ಪಾರ್ಕ್ಸ್. ಕ್ಯಾಪಿಟಲ್ ಕಂಪನಿ ನಾಲ್ಕು ಲಕ್ಷಕ್ಕೂ ಹೆಚ್ಚು ಹೊದಿಕೆಗಳನ್ನು ಮುದ್ರಿಸಿಟ್ಟಿತು. ಒಳಗಿಡಲು ರೆಕಾರ್ಡು ಬರಲಿಲ್ಲ. ತುಣುಕುಗಳು ಬೆಳೆದಷ್ಟೂ ಅವನ್ನು ಹೊಂದಿಸುವುದು ಕಷ್ಟವಾಯಿತು. ಗೂಢ ಸಾಲುಗಳ ಅರ್ಥವೇನೆಂದು ಮೈಕ್ ಲವ್ ಕೇಳಿದರು. ಪಾರ್ಕ್ಸ್ ಹೊರನಡೆದರು. ಕಂಪನಿಯ ಜೊತೆ ಹಣದ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಮಾದಕ ವಸ್ತುಗಳ ಸಹವಾಸ ಮತ್ತು ಮನಸ್ಸಿನ ಕಾಯಿಲೆ ಬ್ರಯಾನ್‌ರನ್ನು ಹಣ್ಣು ಮಾಡುತ್ತಿದ್ದವು. 1967ರ ಮೇ ತಿಂಗಳಲ್ಲಿ ಯೋಜನೆ ಕೈಬಿಟ್ಟಿತೆಂದು ಪ್ರಕಟವಾಯಿತು. ಬದಲಿಗೆ ಸೆಪ್ಟೆಂಬರಿನಲ್ಲಿ ಬಂದ 'ಸ್ಮೈಲಿ ಸ್ಮೈಲ್' ಅಮೆರಿಕದಲ್ಲಿ 41ನೇ ಸ್ಥಾನದಲ್ಲಿ ನಿಂತಿತು. 1968ರ 'ಫ್ರೆಂಡ್ಸ್' 126ಕ್ಕೆ, 1970ರ 'ಸನ್‌ಫ್ಲವರ್' 151ಕ್ಕೆ ಕುಸಿದವು.

ಈ ಇಳಿಜಾರಿನಲ್ಲಿ ಭಾರತದ ನಂಟೂ ಇದೆ. 1968ರ ಆರಂಭದಲ್ಲಿ ಮೈಕ್ ಲವ್ ಬೀಟಲ್ಸ್‌ರ ಜೊತೆ ಹೃಷಿಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮದಲ್ಲಿದ್ದರು. ಅದೇ ಮೇ ತಿಂಗಳಲ್ಲಿ ತಂಡ ಮಹರ್ಷಿಯವರನ್ನೇ ಜೊತೆಗಿಟ್ಟುಕೊಂಡು ಅಮೆರಿಕದಲ್ಲಿ ಪ್ರವಾಸ ಹೊರಟಿತು. ಸಭಾಂಗಣಗಳು ತುಂಬಲಿಲ್ಲ; ಕೆಲವೇ ಪ್ರದರ್ಶನಗಳಲ್ಲಿ ಪ್ರವಾಸ ನಿಂತಿತು. ಹಾಡು ಕೇಳಲು ಬಂದವರಿಗೆ ಪ್ರವಚನ ಬೇಕಿರಲಿಲ್ಲ.

ಎರಡು ಬಣ

ಅಭಿಮಾನಿಗಳು ಒಡೆದದ್ದು ಇಲ್ಲಿ. ಒಂದು ಬಣಕ್ಕೆ ಬ್ರಯಾನ್ ಮಹಾಪ್ರತಿಭೆ. ಕಂಪನಿ, ಬಂಧುಗಳು, ಅದರಲ್ಲೂ ಮೈಕ್ ಲವ್ ಅವರನ್ನು ಕಟ್ಟಿಹಾಕಿದರು. ಗೆದ್ದ ಸೂತ್ರವನ್ನು ಕೆಡಿಸಬೇಡ ಎಂದು ಮೈಕ್ ಲವ್ ಗದರಿದರೆಂಬ ಮಾತು ಈ ಬಣದ ಬಾಯಲ್ಲಿ ಗಾದೆಯೇ ಆಗಿದೆ. ತಾವು ಹಾಗೆ ಹೇಳಲೇ ಇಲ್ಲವೆಂದು ಮೈಕ್ ಲವ್ ಅನೇಕ ಸಲ ಸ್ಪಷ್ಟಪಡಿಸಿದ್ದಾರೆ. 'ಗುಡ್ ವೈಬ್ರೇಷನ್ಸ್'ನ ಮಾತುಗಳು ಅವರದೇ ಎಂಬುದನ್ನೂ ಈ ಬಣ ಎಷ್ಟೋ ಸಲ ಮರೆಯುತ್ತದೆ.

ಇನ್ನೊಂದು ಬಣದ ವಾದ ಸರಳ. ಜನ ದುಡ್ಡು ಕೊಟ್ಟು ಬರುವುದು ಸಂತೋಷಕ್ಕೆ. ಕಡಲ ಹಾಡು ಕೀಳಲ್ಲ. ಅದನ್ನು ಕಟ್ಟಿದವರೂ ಬ್ರಯಾನ್ ಅವರೇ. ರಾತ್ರಿಯಿಡೀ ವೇದಿಕೆಯಲ್ಲಿ ನಿಂತು ಹಾಡುವವರಿಗೆ ಸಭಿಕರ ಮುಖ ಕಾಣುತ್ತದೆ, ಸ್ಟುಡಿಯೊದಲ್ಲಿ ಕುಳಿತವರಿಗೆ ಕಾಣದು.

ಈ ಚರ್ಚೆಗೆ ಪತ್ರಿಕೆಗಳೂ ವೇದಿಕೆಯಾದವು. 'ರೋಲಿಂಗ್ ಸ್ಟೋನ್'ನ ಯಾನ್ ವೆನ್ನರ್ 1967ರ ಡಿಸೆಂಬರಿನಲ್ಲಿ, ಪ್ರತಿಭೆಯೆಂಬ ಪಟ್ಟ ಬರೀ ಪ್ರಚಾರದ ಸೃಷ್ಟಿ ಎಂಬರ್ಥದಲ್ಲಿ ಬರೆದರು. ಪಾಲ್ ವಿಲಿಯಮ್ಸ್ ತಮ್ಮ 'ಕ್ರಾಡ್ಯಾಡಿ' ಪತ್ರಿಕೆಯಲ್ಲಿ ಹೊರಬರದ 'ಸ್ಮೈಲ್' ಕುರಿತು ದೀರ್ಘ ಸಂಭಾಷಣೆ ಪ್ರಕಟಿಸಿದರು. 1977ರಲ್ಲಿ ಡೇವಿಡ್ ಲೀಫ್ ಎಂಬ ಅಭಿಮಾನಿ 'ಪೆಟ್ ಸೌಂಡ್ಸ್' ಹೆಸರಿನಲ್ಲೇ ಒಂದು ಪತ್ರಿಕೆ ಹೊರಡಿಸಿದರು. ಕಳ್ಳದಾರಿಯಲ್ಲಿ ಹೊರಬಿದ್ದ 'ಸ್ಮೈಲ್' ಟೇಪುಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ತಮಗೆ ಸರಿಕಂಡ ಕ್ರಮದಲ್ಲಿ ಜೋಡಿಸಿ ಕೇಳುವುದೇ ಕೆಲವರಿಗೆ ಗೀಳಾಯಿತು.

1974ರ ತೀರ್ಪು

ಹಳೆಯ ಹಾಡಿನ ಬಣಕ್ಕೆ ಬಲ ಬಂದದ್ದು 1974ರಲ್ಲಿ. ಆ ಜೂನಿನಲ್ಲಿ ಕ್ಯಾಪಿಟಲ್ ಕಂಪನಿ 1965ರವರೆಗಿನ 20 ಹಾಡುಗಳನ್ನು 'ಎಂಡ್‌ಲೆಸ್ ಸಮ್ಮರ್' ಎಂಬ ಹೆಸರಿನಲ್ಲಿ ಹೊರತಂದಿತು. 'ಪೆಟ್ ಸೌಂಡ್ಸ್'ನ ಒಂದು ಹಾಡೂ ಅದರಲ್ಲಿರಲಿಲ್ಲ. ಆ ಸಂಕಲನ ಪಟ್ಟಿಯ ಮೊದಲ ಸ್ಥಾನಕ್ಕೇರಿ, ವರ್ಷಗಟ್ಟಲೆ ಪಟ್ಟಿಯಲ್ಲಿ ಉಳಿಯಿತು. ಕ್ರೀಡಾಂಗಣಗಳು ತುಂಬಿದವು. ತಂಡಕ್ಕೆ ಮರುಜನ್ಮ ಸಿಕ್ಕಿತು, ಜೊತೆಗೆ ಹೊಸ ದಾರಿಗೆ ಬೇಲಿಯೂ ಬಿತ್ತು. ಬ್ರಯಾನ್ ಬಹುಪಾಲು ಒಬ್ಬರೇ ರೂಪಿಸಿದ 1977ರ 'ಲವ್ ಯು' 53ನೇ ಸ್ಥಾನದಲ್ಲಿ ನಿಂತಿತು. ಅದು ಮೇಧಾವಿಯ ಕೃತಿಯೋ, ಅರೆಬೆಂದ ಅಡುಗೆಯೋ ಎಂದು ಅಭಿಮಾನಿಗಳು ಇನ್ನೂ ಕಿತ್ತಾಡುತ್ತಾರೆ. ಬ್ರಯಾನ್ ಇಲ್ಲದೆಯೇ ಹಾಡಿದ 'ಕೊಕೊಮೊ' 1988ರಲ್ಲಿ ಮೊದಲ ಸ್ಥಾನ ಪಡೆದಾಗ ಒಂದು ಬಣ ಬೀಗಿತು, ಇನ್ನೊಂದು ತಲೆ ತಗ್ಗಿಸಿತು.

ಆದರೆ ಕಾಲ ಇನ್ನೊಂದು ತೀರ್ಪನ್ನೂ ಬರೆಯಿತು. 2004ರ ಫೆಬ್ರವರಿಯಲ್ಲಿ ಬ್ರಯಾನ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ತಮ್ಮ ವಾದ್ಯಗಾರರೊಡನೆ 'ಸ್ಮೈಲ್' ಅನ್ನು ಪೂರ್ತಿ ಹಾಡಿದರು. ಟೇಪು ಕತ್ತರಿಸಿ ಬೆಸೆಯಲಾಗದೆ ನಿಂತಿದ್ದ ತುಣುಕುಗಳನ್ನು ಕ್ರಮಕ್ಕೆ ತರಲು ಈ ಬಾರಿ ಕಂಪ್ಯೂಟರ್ ನೆರವಿತ್ತು. 1966-67ರ ಮೂಲ ಮುದ್ರಣಗಳು 2011ರಲ್ಲಿ 'ದ ಸ್ಮೈಲ್ ಸೆಷನ್ಸ್' ಹೆಸರಿನಲ್ಲಿ ಹೊರಬಂದು ಗ್ರ್ಯಾಮಿ ಪ್ರಶಸ್ತಿ ಪಡೆದವು. ಆ ವೇಳೆಗೆ ಡೆನಿಸ್ ಮತ್ತು ಕಾರ್ಲ್ ಇರಲಿಲ್ಲ. 1983ರಲ್ಲಿ ಡೆನಿಸ್ ನೀರಿನಲ್ಲಿ ಮುಳುಗಿ ಸತ್ತರು. 1998ರಲ್ಲಿ ಕಾರ್ಲ್ ಕ್ಯಾನ್ಸರ್‌ಗೆ ಬಲಿಯಾದರು.

ಮಾರಾಟ ಕುಸಿದಾಗ ಅಭಿಮಾನಿಗಳು ಕೇಳುವ ಪ್ರಶ್ನೆ ಮೇಲ್ನೋಟಕ್ಕೆ ಸಂಗೀತದ್ದು. ಆಳದಲ್ಲಿ ಅದು ಹಕ್ಕಿನ ಪ್ರಶ್ನೆ. ಹದಿಹರೆಯದಲ್ಲಿ ಕೊಂಡ ಹಾಡಿನೊಂದಿಗೆ ಆ ವಯಸ್ಸಿನ ತಮ್ಮ ಬದುಕನ್ನೂ ಹೆಣೆದುಕೊಂಡವರು, ಹಾಡುಗಾರ ಬದಲಾಗುವುದನ್ನು ದ್ರೋಹವೆಂದೇ ಬಗೆಯುತ್ತಾರೆ. ಹಾಡುಗಾರನಿಗೆ ಅದೇ ಹಾಡು ದಾಟಿ ಬಂದ ಮೆಟ್ಟಿಲು. ಇಬ್ಬರದೂ ಸುಳ್ಳಲ್ಲ. ಹಳೆಯ ಹಾಡುಗಳ ಗಳಿಕೆ ತಂಡದ ಹೆಸರನ್ನು ಉಳಿಸಿತು. ಆ ಹೆಸರಿಗೆ ಗೌರವ ತಂದದ್ದು ಅಂದು ಸಾಕಷ್ಟು ಮಾರಾಟವಾಗದ ಹಾಡುಗಳು. ಆದರೆ ಗೌರವ ಬರಲು ಹಿಡಿದ ಕಾಲದಲ್ಲಿ ಒಬ್ಬ ಸಂಗೀತಗಾರನ ಅತಿ ಫಲವತ್ತಾದ ವರ್ಷಗಳು ಕಳೆದುಹೋದವು. ಮಾರಾಟದ ಯಾವ ಪಟ್ಟಿಯೂ ಈ ನಷ್ಟವನ್ನು ದಾಖಲಿಸುವುದಿಲ್ಲ.

2012ರಲ್ಲಿ ತಂಡದ ಸುವರ್ಣ ವರ್ಷಕ್ಕೆಂದು ಬ್ರಯಾನ್, ಮೈಕ್ ಲವ್, ಆಲ್ ಜಾರ್ಡೀನ್, ಬ್ರೂಸ್ ಜಾನ್‌ಸ್ಟನ್ ಒಂದೇ ವೇದಿಕೆಯಲ್ಲಿ ನಿಂತು ದೇಶ ವಿದೇಶಗಳಲ್ಲಿ ಹಾಡಿದರು. ಕಡಲ ಹಾಡುಗಳೂ ಇದ್ದವು, 'ಪೆಟ್ ಸೌಂಡ್ಸ್'ನವೂ ಇದ್ದವು. ಎರಡೂ ಬಣದವರು ಒಂದೇ ಸಭಾಂಗಣಕ್ಕೆ ಟಿಕೆಟ್ ಕೊಂಡು ಬಂದರು.