ರಬ್ಬರ್ ಕಾಡಿನ ಕಾಲನಿ: ಮನೆಯುಂಟು, ನೆಲವಿಲ್ಲ

ಸುಳ್ಯದ ಮೇದಿನಡ್ಕದ ಕಡೆ ಸಾಗಿದರೆ ಸಾಲು ಹಿಡಿದು ನಿಂತ ರಬ್ಬರ್ ಮರಗಳ ನಡುವೆ ಕಾರ್ಮಿಕರ ಸಾಲುಮನೆಗಳು ಕಾಣಸಿಗುತ್ತವೆ. ತುಳುನಾಡಿನ ಮಟ್ಟಿಗೆ ಇದು ಅಪರೂಪದ ನೋಟ. ಇಲ್ಲಿ ಊರೆಂದರೆ ಒಂದೆಡೆ ಸೇರಿದ ಮನೆಗಳ ಗುಂಪಲ್ಲ. ಗುಡ್ಡಕ್ಕೊಂದು, ಬೈಲಿಗೊಂದು ಎಂಬಂತೆ ಚದುರಿದ ಮನೆಗಳು. ಮನೆಯ ಜತೆಗೇ ತೋಟ, ಬಾವಿ, ಕುಮ್ಕಿ. ಸಾಲುಮನೆಗಳ ಅಂಗಳದಲ್ಲಿ ಕೇಳಿಬರುವ ಮನೆಮಾತು ತುಳುವಲ್ಲ, ತಮಿಳು. ಪುತ್ತೂರು, ಸುಳ್ಯ ಮತ್ತು ಈ ಎರಡರಿಂದ ಗ್ರಾಮಗಳನ್ನು ಪಡೆದು ರಚನೆಯಾದ ಕಡಬ ತಾಲೂಕಿನಲ್ಲಿ ಇಂಥ ಕಾಲನಿಗಳು ಹಲವಿವೆ. ಜಿಲ್ಲೆಯ ಈ ಭಾಗದಲ್ಲಿ ಸರಕಾರವೇ ಯೋಜಿಸಿ ನಡೆಸಿದ ವಸತಿ ಪ್ರಯೋಗವಿದು. ಅದು ಎಷ್ಟರಮಟ್ಟಿಗೆ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯಲು ಇದರ ಚರಿತ್ರೆಗೆ ಹೋಗಬೇಕು.

ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬಡ ಕುಟುಂಬಗಳು ಸಿಲೋನಿನ ಚಹಾ ಮತ್ತು ರಬ್ಬರ್ ತೋಟಗಳಿಗೆ ದುಡಿಯಲು ಹೋದವು. ಅಲ್ಲೇ ತಲೆಮಾರುಗಳು ಕಳೆದವು. ಆದರೆ ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯ್ದೆ ಅವರನ್ನು ಹೊರಗಿಟ್ಟಿತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಹಾಗೂ ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 9.75 ಲಕ್ಷ ಜನರಲ್ಲಿ 5.25 ಲಕ್ಷ ಮಂದಿಗೆ ಭಾರತ, 3 ಲಕ್ಷ ಮಂದಿಗೆ ಸಿಲೋನು ಪೌರತ್ವ ನೀಡಬೇಕೆಂದು ನಿರ್ಧಾರವಾಯಿತು. ಉಳಿದ 1.5 ಲಕ್ಷ ಜನರನ್ನು 1974ರಲ್ಲಿ ಎರಡೂ ದೇಶಗಳು ಸಮನಾಗಿ ಹಂಚಿಕೊಂಡವು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರನ್ನು ದಕ್ಷಿಣದ ರಾಜ್ಯಗಳಲ್ಲಿ ನೆಲೆಗೊಳಿಸುವ ಹೊಣೆ ಸರಕಾರಗಳ ಮೇಲೆ ಬಿತ್ತು.

ಕರ್ನಾಟಕದಲ್ಲಿ 1971ರಲ್ಲಿ ಸ್ಥಾಪನೆಯಾದ ಅರಣ್ಯ ಅಭಿವೃದ್ಧಿ ನಿಗಮ ಈ ಹೊಣೆಗೆ ಹೆಗಲು ಕೊಟ್ಟಿತು. ಲೆಕ್ಕಾಚಾರ ಸರಳವಾಗಿತ್ತು. ರಬ್ಬರ್ ತೋಟಕ್ಕೆ ನುರಿತ ಕೈಗಳು ಬೇಕು. ಬಂದವರಿಗೆ ಕೆಲಸವೂ ಮನೆಯೂ ಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯಂತೆ ತೋಟದ ಮಾಲೀಕರು ಕಾರ್ಮಿಕರಿಗೆ ವಸತಿ ಒದಗಿಸಲೇಬೇಕಿತ್ತು. ಹೀಗಾಗಿ ಕೆಲಸದ ಜತೆಗೇ ಮನೆ ಬಂತು.

ನೀರು, ನೆಲ, ದಾರಿ

ಘಟ್ಟದ ಬುಡದ ಈ ಸೀಮೆಯಲ್ಲಿ ವಸತಿ ಕಲ್ಪಿಸುವುದು ಬಯಲುಸೀಮೆಯಲ್ಲಿ ನಿವೇಶನ ಹಂಚಿದಷ್ಟು ಸುಲಭವಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬಿದ್ದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಮುರಕಲ್ಲಿನ ಗುಡ್ಡ ನೀರನ್ನು ಬೇಗ ಹೀರಿ ಕೆಳಗಿನ ಬೈಲಿಗೆ ಇಳಿಸುತ್ತದೆ. ಆದ್ದರಿಂದಲೇ ಹಿಂದಿನವರು ನೀರಿರುವ ಬೈಲಿನ ಅಂಚಿನಲ್ಲಿ ಮನೆ ಕಟ್ಟಿದರು. ರಬ್ಬರಿಗೆ ಮಾತ್ರ ನೀರು ನಿಲ್ಲದ ಇಳಿಜಾರು ಬೇಕು. ಮರಕ್ಕೆ ಒಪ್ಪುವ ಜಾಗ ಮನೆಗೆ ಒಪ್ಪಬೇಕೆಂದಿಲ್ಲ. ಗುಡ್ಡದ ಮೇಲಿನ ಮನೆಗೆ ಏಪ್ರಿಲ್‌ನಲ್ಲಿ ನೀರಿನ ಚಿಂತೆ, ಜುಲೈಯಲ್ಲಿ ಧರೆ ಕುಸಿಯುವ ಭಯ. ತೋಡಿಗೆ ಮೋರಿ, ಸೇತುವೆ ಇಲ್ಲದಿದ್ದರೆ ಮಳೆಗಾಲದಲ್ಲಿ ಶಾಲೆ, ಆಸ್ಪತ್ರೆ ಎರಡೂ ದೂರವೇ.

ಇವೆಲ್ಲ ಹಣವಿದ್ದರೆ ಸರಿಪಡಿಸಬಹುದಾದ ಕೊರತೆಗಳು. ಕೊಳವೆಬಾವಿ ಕೊರೆಯಬಹುದು, ಟ್ಯಾಂಕಿ ಕಟ್ಟಬಹುದು, ರಸ್ತೆಗೆ ಕಾಂಕ್ರೀಟು ಹಾಕಬಹುದು. ನಿಜವಾದ ತೊಡಕು ಬೇರೆಯೇ ಇದೆ.

ಒಂದೇ ಹಗ್ಗಕ್ಕೆ ಎರಡು ಗಂಟು

ಕೆಲಸ ಮತ್ತು ಮನೆ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದು ಯೋಜನೆಯ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. ರಬ್ಬರ್ ಗಿಡ ನೆಟ್ಟರೆ ಹಾಲು ಸಿಗಲು ಸುಮಾರು 7 ವರ್ಷ ಬೇಕು. 30 ವರ್ಷಗಳ ಆಸುಪಾಸಿಗೆ ಮರಕ್ಕೆ ಮುಪ್ಪು ಬರುತ್ತದೆ. ಕಡಿದು ಮತ್ತೆ ನೆಡಬೇಕು. ಟ್ಯಾಪಿಂಗ್ ಮಾಡುವ ಕೈಗೂ ಹೆಚ್ಚುಕಡಿಮೆ ಅಷ್ಟೇ ಆಯುಷ್ಯ. ಅದರ ಮೇಲೆ ಮಾರುಕಟ್ಟೆಯ ಏರಿಳಿತ: 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರ್ ಧಾರಣೆ 2016ರ ಆರಂಭದಲ್ಲಿ 100ಕ್ಕಿಂತ ಕೆಳಗಿಳಿದಿತ್ತು.

ನಿವೃತ್ತನಾದ ಕಾರ್ಮಿಕನಿಗೆ ಕೆಲಸದ ಜತೆ ಬಂದ ಮನೆಯ ಮೇಲೆ ಹಕ್ಕಿಲ್ಲ. ಮಕ್ಕಳು ಬೇರೆ ಉದ್ಯೋಗ ಹಿಡಿದರೂ ಅದೇ ಮಾತು. ಮನೆ ಅವರ ಹೆಸರಿಗೆ ಮಾಡಿಕೊಡಬಾರದೇ ಎಂದರೆ ನೆಲ ಅರಣ್ಯದ್ದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕುಪತ್ರ ನೀಡುವ ಭೂಕಂದಾಯ ಕಾಯ್ದೆಯ 94-ಸಿ ಕಲಮು ಇರುವುದು ಕಂದಾಯ ಭೂಮಿಗೆ. ಅರಣ್ಯಕ್ಕೆ ಅದು ಅನ್ವಯಿಸದು. ಹಕ್ಕುಪತ್ರವಿಲ್ಲದಿದ್ದರೆ ಮನೆ ಕಟ್ಟಲು ಬ್ಯಾಂಕಿನ ಸಾಲವಾಗಲಿ, ವಸತಿ ಯೋಜನೆಯ ನೆರವಾಗಲಿ ಸಿಗುವುದು ಕಷ್ಟ.

ಪೌರತ್ವವಿಲ್ಲವೆಂದು ಕಡಲು ದಾಟಿ ಬಂದವರಿಗೆ ಇಲ್ಲಿ ಪೌರತ್ವ ಸಿಕ್ಕಿತು, ಮತದಾನದ ಹಕ್ಕು ಸಿಕ್ಕಿತು. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ಪೇಟೆಯಲ್ಲಿ ತುಳು ಮಾತನಾಡುತ್ತಾರೆ. ಆ ಮಟ್ಟಿಗೆ ಯೋಜನೆ ಗೆದ್ದಿದೆ. ಆದರೆ ಸಿಲೋನಿನ ಲೈನು ಮನೆಯಲ್ಲಿ ಅಜ್ಜನಿಗೆ ಇಲ್ಲದಿದ್ದ ಅಡಿಸ್ಥಳ ಈ ಕಾಲನಿಗಳಲ್ಲಿ ಮೊಮ್ಮಗನಿಗೂ ದಕ್ಕಿಲ್ಲ.

ಈ ಮೂರು ತಾಲೂಕುಗಳಲ್ಲಿ ಮುಂದೆ ಯಾವುದೇ ವಸತಿ ಬಡಾವಣೆ ಬರಲಿ, ನೀರು, ದಾರಿ, ದುಡಿಮೆಗಳ ಲೆಕ್ಕ ಹಾಕುವ ಮೊದಲು ನೆಲ ಯಾರದ್ದೆಂಬುದು ಇತ್ಯರ್ಥವಾಗಬೇಕು. ಇತ್ಯರ್ಥವಾಗದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ರಬ್ಬರ್ ಕಾಡಿನ ನಡುವೆ ಸಾಕ್ಷಿಯಿದೆ.