ನೂರು ಸಿಸಿ ಗಾಡಿ ಸಾಕೇನು?

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಈ ದಾರಿಗೆ 150 ಸಿಸಿ ಗಾಡಿಯೇ ಬೇಕೆಂದು ಹುಡುಗರ ಹಟ. ನನ್ನಂಥ ಖುಷ್ಕಿ ರೈತ ಮಳೆ ಕೈಕೊಟ್ಟ ವರ್ಷವೂ ಸಾಲದ ಕಂತು ಕಟ್ಟಬೇಕಲ್ಲ! ಅದಕ್ಕೇ ಲೆಕ್ಕ ಹಾಕಿದೆ.

ಸ್ಪ್ಲೆಂಡರ್ ಪ್ಲಸ್ 97.2 ಸಿಸಿ; ಸುಮಾರು 8 ಅಶ್ವಶಕ್ತಿ, ನಾಲ್ಕು ಗೇರು. ಟಿವಿಎಸ್ ಎಕ್ಸ್‌ಎಲ್ 100 ಗಾಡಿಗೆ 4.3 ಅಶ್ವಶಕ್ತಿ, ಗೇರಿಲ್ಲ. ಆದರೆ ಎಕ್ಸ್‌ಎಲ್‌ನ ಪೂರ್ತಿ ಎಳೆತ ಎಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗಿದಾಗಲೇ ಸಿಗುತ್ತದೆ. ಸ್ಪ್ಲೆಂಡರಿಗೆ 6000 ಸುತ್ತು ಬೇಕು.

ಆದ್ದರಿಂದ ಚೀಲ ಹೇರಿ ಹೊಲದ ದಾರಿಯಲ್ಲಿ ನಿಧಾನ ಹೋಗುವವರಿಗೆ ಎಕ್ಸ್‌ಎಲ್ ಸಾಕು. ಇಬ್ಬರು ಕೂತು ಬೆಳಗಾವಿಗೆ ಓಡಾಡುವವರು ಸ್ಪ್ಲೆಂಡರಿನಂಥದ್ದು ತಗೊಳ್ರಿ. ಏರು ಬಂದರೆ ಗೇರು ಇಳಿಸಿದರಾಯಿತು, ವೇಗವಷ್ಟೇ ಕಡಿಮೆ.

ದುಡ್ಡು ಕೊಡುವ ಮೊದಲು ಹಿಂದೆ ಒಬ್ಬರನ್ನು ಕೂರಿಸಿ, ನಿಮ್ಮೂರ ಏರು ಹತ್ತಿಸಿ ನೋಡ್ರಿ.