ಗರಡಿಯ ಪಾಠ

18ನೆಯ ಶತಮಾನದಲ್ಲಿ ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಕಳಲೆ ನನ್ನ ಊರು. ಹದಿನೈದರ ಹರೆಯದಲ್ಲಿ ಕೋಪವೇ ಪೌರುಷವೆಂದು ನಂಬಿ ಗರಡಿ ಸೇರಿದೆ. ಉಸ್ತಾದರು ಮೊದಲು ಪಟ್ಟು ಕಲಿಸಲಿಲ್ಲ. ಕೆಮ್ಮಣ್ಣಿನ ಮಟ್ಟಿಯನ್ನು ಅಗೆದು ಹದಮಾಡಿಸಿದರು. ಅರ್ಧ ಕೋಪ ಅಲ್ಲಿಯೇ ಬೆವರಾಗಿ ಹರಿಯಿತು. ಒಮ್ಮೆ ಜೊತೆಯವನನ್ನು ಚಿತ್ ಮಾಡಿದ ಮೇಲೂ ಬಿಡದೆ ಅದುಮಿದ್ದೆ. “ಬಿದ್ದವನನ್ನು ಎಬ್ಬಿಸೋ, ಆಮೇಲೆ ಗೆದ್ದೆ ಅನ್ನು” ಎಂದರು.

ಆ ಮಾತಿನ ಅರ್ಥ ಹೊಳೆದದ್ದು ಮೈಸೂರಿನ ಅರಮನೆಯಲ್ಲಿ, ವಿಜಯದಶಮಿಯ ವಜ್ರಮುಷ್ಟಿ ಕಾಳಗವನ್ನು ಕಂಡಾಗ. ಜಟ್ಟಿಯೊಬ್ಬನ ತಲೆಯಲ್ಲಿ ನೆತ್ತರು ಜಿನುಗಿದೊಡನೆ ಕಾಳಗ ಮುಗಿಯಿತು. ಮುಂದಿನ ಪೆಟ್ಟಿಗೆ ಎಡೆಯೇ ಇಲ್ಲ. ಹುಡುಗರ ಜಗಳ ಹಗೆಯಾಗಿ ಬೆಳೆಯುವುದು ನಿಲ್ಲಿಸಲು ಬಾರದ ಆ ಎರಡನೆಯ ಪೆಟ್ಟಿನಿಂದ. ಹೊಡೆಯುವುದನ್ನು ಬೀದಿಯೂ ಕಲಿಸೀತು. ಎತ್ತಿದ ಕೈಯನ್ನು ತಡೆಯುವುದನ್ನು ನಾನು ಕಲಿತದ್ದು ಗರಡಿಯಲ್ಲಿ.